ಮಾತಿಲ್ಲದ ಪಾಠ

ಶಿಕ್ಷಣ ಇಲಾಖೆಯ ಅಧಿಕಾರಿ ಹೇಳದೆ ಕೇಳದೆ ತರಗತಿಗೆ ನುಗ್ಗಿದಾಗ ಆಕೆ ತರಕಾರಿ ಬುಟ್ಟಿ ಹಿಡಿದು ಮಕ್ಕಳ ಮುಂದೆ ನಿಂತಿದ್ದಳು.

"ಸಾರ್, ನಾನು..."

"ನನ್ನ ಜೊತೆ ಮಾತು ಬೇಡ. ಇಂಗ್ಲಿಷ್ ಪಾಠ ನಡೀಲಿ."

ಅವರು ಹಿಂದಿನ ಬೆಂಚಿನಲ್ಲಿ ಕೂತು, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ಹೋದ ವಾರವಷ್ಟೇ ಅವರ ವರದಿಯಿಂದ ಪಕ್ಕದೂರಿನ ಮೇಷ್ಟರೊಬ್ಬರು ಅಮಾನತಾಗಿದ್ದರು.

ಆಕೆ ಬುಟ್ಟಿಯಿಂದ ಒಂದು ಬದನೆಕಾಯಿ ಎತ್ತಿ ಹಿಡಿದು ಸುಮ್ಮನೆ ನಿಂತಳು. ಮಕ್ಕಳು ಆಕೆಯ ಮುಖ ನೋಡಿದರು, ಬದನೆಕಾಯಿ ನೋಡಿದರು. ಕೊನೆಗೆ ಒಬ್ಬಳು "ಬ್ರಿಂಜಾಲ್" ಎಂದಳು. ಆಮೇಲೆ ಟೊಮೆಟೊ ಬಂತು, ನಿಂಬೆಹಣ್ಣು ಬಂತು, ಈರುಳ್ಳಿಗೆ ಇಡೀ ತರಗತಿಯೇ ಕೂಗಿತು. ಆಕೆ ಮಾತ್ರ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಸಾರ್, ಒಂದು ನಿಮಿಷ..."

"ಶ್! ಪಾಠ ಬಿಟ್ಟು ಹೋದ್ರೆ ಅದನ್ನೂ ಬರೀತೀನಿ."

ಇಪ್ಪತ್ತು ನಿಮಿಷವಾದ ಮೇಲೆ ಅಧಿಕಾರಿ ಎದ್ದು ಬಂದರು. ಮುಖ ಅರಳಿತ್ತು.

"ಮಕ್ಕಳ ಹತ್ರ ನೀವು ಒಂದು ಮಾತೂ ಆಡ್ಲಿಲ್ಲ! ಟೀಚರ್ ಟಾಕ್ ಟೈಮ್ ಕಡಿಮೆ ಮಾಡಿ ಅಂತ ನಾವು ಬಾಯಿ ಬಡ್ಕೊಳ್ಳೋದು ಇದಕ್ಕೇ. ನಿಜವಾದ ವಸ್ತು ತೋರಿಸಿದ್ರಿ, ಅದು ರಿಯಾಲಿಯಾ. ಮಕ್ಕಳು ಉತ್ತರ ಹೇಳೋವರೆಗೂ ಕಾದ್ರಿ, ಅದು ವೇಯ್ಟ್ ಟೈಮ್. ಎಲ್ಲಾ ನಮ್ಮ ತರಬೇತೀಲಿ ಕಲಿತಿದ್ದು ತಾನೇ?"

"ತರಬೇತಿಗೆ ಟೀಚರಮ್ಮ ಹೋಗಿದಾರೆ ಸಾರ್," ಎಂದಳು ಆಕೆ. "ನಾನು ಬಿಸಿಯೂಟದ ಅಡುಗೆಯವಳು, ಮಕ್ಕಳ ಗಲಾಟೆ ಕೇಳಿ ಸುಮ್ಮನಿರಿಸೋಕೆ ಬಂದಿದ್ದೆ. ಒಲೆ ಮೇಲೆ ಅನ್ನ ಸೀದು ಹೋಗ್ತಿದೆ, ಈಗಾದ್ರೂ ಹೋಗ್ಲಾ?"