ಬಲ ಮಂಡಿಯ ಪಟ್ಟಿ

ಐಸ್ ಹಾಕಿಯಲ್ಲಿ ನೋವಿರುವ ಕಾಲು ಯಾವುದೆಂದು ಎದುರಾಳಿಗೆ ಗೊತ್ತಾದರೆ ಮುಗಿಯಿತು, ಅಲ್ಲಿಗೇ ಬಂದು ಗುದ್ದುತ್ತಾರೆ. ಅದಕ್ಕೇ ಅವನು, ಕೆಟ್ಟಿದ್ದು ಎಡ ಮಂಡಿಯಾದರೂ, ದಪ್ಪ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದುದು ಬಲ ಮಂಡಿಗೆ. ಸಣ್ಣ ಊರುಗಳ ಲೀಗಿನಲ್ಲಿ ಇಷ್ಟು ವರ್ಷ ಅವನ ಹೊಟ್ಟೆ ಹೊರೆದದ್ದು ಆ ಸುಳ್ಳು ಪಟ್ಟಿಯೇ. ಅದನ್ನು ಸುತ್ತುತ್ತಿದ್ದವನು ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಗೆಳೆಯ. ಗುಟ್ಟು ಗೊತ್ತಿದ್ದದ್ದೂ ಆ ಗೆಳೆಯನೊಬ್ಬನಿಗೇ.

ಈ ವರ್ಷ ಗೆಳೆಯನನ್ನು ಬೇರೆ ತಂಡ ಕೊಂಡುಕೊಂಡಿತು. ಇವತ್ತು ಆ ತಂಡದ ಮೇಲೇ ಆಟ. ಆಟಗಾರರನ್ನು ಆರಿಸಲು ದೊಡ್ಡ ಲೀಗಿನವರೂ ಬಂದು ಕೂತಿದ್ದರು.

ಆಟಕ್ಕೆ ಮುಂಚೆ ಗೆಳೆಯ ಅವನನ್ನು ಹುಡುಕಿಕೊಂಡು ಬಂದ.

"ಕೊಡೋ ಪಟ್ಟಿ, ನಾನೇ ಸುತ್ತುತೀನಿ. ಬೇರೆಯವರಿಗೆ ಎಲ್ಲಿ ಬರುತ್ತೆ?"

"ಎದುರು ತಂಡದವನ ಕೈಲಿ ಸುತ್ತಿಸ್ಕೋಬೇಕಾ?" ಅವನು ನಗುತ್ತಲೇ ಬಲಗಾಲು ಚಾಚಿದ.

"ಎಡಗಾಲು ಹೇಗಿದೆಯೋ ಈಗ?"

"ನಿನ್ನ ಹತ್ರ ಏನು ಮುಚ್ಚುಮರೆ? ಇನ್ನೊಂದು ಏಟು ಬಿದ್ರೆ ಮತ್ತೆ ಆಡೋಕಾಗಲ್ಲ ಕಣೋ."

"ಬೀಳಲ್ಲ ಬಿಡು."

ಗೆಳೆಯ ಎಂದಿಗಿಂತ ದಪ್ಪಗೆ, ಇಡೀ ಮೈದಾನಕ್ಕೆ ಕಾಣುವ ಹಾಗೆ ಬಲ ಮಂಡಿಗೆ ಪಟ್ಟಿ ಸುತ್ತಿ, ಬೆನ್ನು ತಟ್ಟಿ ಹೋದ.

ಸೀಟಿ ಕೇಳಿಸಿತು. ಅವನನ್ನು ಹಿಂದೆಂದೂ ಕಂಡಿರದ, ಎದುರು ತಂಡದ ಹೊಸ ಆಟಗಾರನೊಬ್ಬ ಮಂಜುಗಡ್ಡೆಯ ಮೇಲೆ ರಭಸದಿಂದ ಜಾರಿ ಬಂದು, ಅಷ್ಟು ದಪ್ಪ ಪಟ್ಟಿಯ ಕಡೆ ಕಣ್ಣನ್ನೂ ಹಾಯಿಸದೆ, ನೇರವಾಗಿ ಎಡ ಮಂಡಿಗೆ ಗುದ್ದಿದ.