ಓಖ್ಲಾದ ಮಿಂಚುಳ್ಳಿ

"ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಗೆ ಕ್ಯಾಮೆರಾ ಸಿಕ್ಕಿದರೆ ಇಷ್ಟೇ. ನೀನು ಬಸ್‌ಸ್ಟ್ಯಾಂಡಲ್ಲಿ ಪಾಸ್‌ಪೋರ್ಟ್ ಫೋಟೋ ತೆಗಿ, ಹೋಗಪ್ಪ."

ಸುದರ್ಶನ್ ಇದನ್ನು ಹೇಳಿದ್ದು ಎಲ್ಲರೆದುರಿಗೆ, ದೆಹಲಿಯ ಓಖ್ಲಾದಲ್ಲಿ, ಯಮುನಾ ದಂಡೆಯ ಮೇಲೆ. ಸಿರಿವಂತರ ಹೌಜ್ ಖಾಸ್‌ನಿಂದ ಬಂದಿದ್ದ ಹುಡುಗರು ನಕ್ಕರು. ಮರಿಯಪ್ಪ ನಗಲಿಲ್ಲ. ಅವನ ಕೆಮ್ಮಿಗೆ ಬಾತುಗಳ ಹಿಂಡೊಂದು ಎದ್ದು ಹೋಗಿತ್ತು. ಅಷ್ಟೇ ತಪ್ಪು.

ಮಾನೇಸರ್‌ನ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ನೇರ ಬಂದಿದ್ದ. ಕಣ್ಣು ಉರಿಯುತ್ತಿತ್ತು. ಆದರೂ ನಿಂತ. ಚಾಣಕ್ಯಪುರಿಯ ಹಕ್ಕಿಚಿತ್ರ ಪ್ರದರ್ಶನದಲ್ಲಿ ಇನ್ನೊಂದೇ ಚಿತ್ರಕ್ಕೆ ಜಾಗ ಉಳಿದಿತ್ತು. ಹಕ್ಕಿ ಫೋಟೋ ತೆಗೆಯುವ ಈ ಗುಂಪಿನ ಮುಖಂಡ ಸುದರ್ಶನ್, ಆರಿಸುವವನೂ ಅವನೇ. ಆ ಗೋಡೆಯ ಮೇಲೆ ತನ್ನ ಹೆಸರು ಕಾಣಬೇಕು, ಅದೂ ಈ ಮನುಷ್ಯನ ಹೆಸರಿನ ಪಕ್ಕದಲ್ಲೇ. ಮರಿಯಪ್ಪನಿಗಿದ್ದದ್ದು ಅದೊಂದೇ ಹಠ.

"ಚಲೋ, ಮಿಂಚುಳ್ಳಿ," ಎಂದು ಸುದರ್ಶನ್ ನೀರಲ್ಲಿ ನೆಟ್ಟಿದ್ದ ಕೋಲಿನ ಮೇಲೆ ಕೂತಿದ್ದ ಹಕ್ಕಿಯನ್ನು ತೋರಿಸಿದ. "ಬೆಳಕು ಹರಿಯೋ ಮೊದಲೇ ಬಂದು ಕೋಲು ನೆಟ್ಟವನು ನಾನು. ಯಾರೂ ಹತ್ತಿರ ಹೋಗಬೇಡಿ."

ಕ್ಯಾಮೆರಾಗಳು ಸದ್ದು ಮಾಡಿದವು. ಹಕ್ಕಿ ಬೆಚ್ಚಿ ರೆಕ್ಕೆ ಬಿಚ್ಚಿತು. ಒಂದಡಿ ಎದ್ದು ಮತ್ತೆ ಅದೇ ಕೋಲಿಗೆ ಮರಳಿತು.

"ಹೋಗೇಬಿಡ್ತು ಅಂದ್ಕೊಂಡೆ ಸರ್," ಎಂದಳು ಸಂಶೋಧನಾ ವಿದ್ಯಾರ್ಥಿನಿ ಮೈತ್ರೇಯಿ.

"ಎಲ್ಲಿ ಹೋಗುತ್ತಮ್ಮ? ಮಿಂಚುಳ್ಳಿ ಸ್ವಭಾವವೇ ಅದು. ಕೂತ ಜಾಗ ಬಿಡಲ್ಲ. ಆರಾಮಾಗಿ ತೆಗೀರಿ."

ಮರಿಯಪ್ಪ ಕ್ಯಾಮೆರಾಕ್ಕೆ ಕಣ್ಣೊತ್ತಿದ. ಎರಡು ಚಿತ್ರ ತೆಗೆದ. ಕೊಕ್ಕು, ಬಿಸಿಲು, ಬೆನ್ನಿನ ನೀಲಿ, ಎಲ್ಲ ಸರಿಯಾಗಿ ಬಿದ್ದಿತ್ತು. ಮೂರನೆಯದಕ್ಕೆ ಬೆರಳು ಒತ್ತಲಿಲ್ಲ. ಕ್ಯಾಮೆರಾ ಹೆಗಲಿಗೆ ಹಾಕಿ ನೀರಿಗಿಳಿದ.

"ಏಯ್ ಪಾಗಲ್, ಫ್ರೇಮಿಂದ ಆಚೆ ಬಾ," ಎಂದು ಸುದರ್ಶನ್ ಕೂಗಿದ.

"ಹೊಟ್ಟೆಕಿಚ್ಚು ಸರ್," ಎಂದ ಹುಡುಗರಲ್ಲೊಬ್ಬ. "ತನಗಿಲ್ಲದ್ದು ಯಾರಿಗೂ ಬೇಡ ಅಂತ."

"ಮರಿಯಪ್ಪ, ಪ್ರದರ್ಶನ ಮರೆತುಬಿಡು." ಸುದರ್ಶನ್‌ನ ದನಿ ಮೊದಲ ಸಲ ನಡುಗಿತು. "ಇನ್ನು ಗುಂಪಿಗೂ ಬರಬೇಡ."

ಕರಿಯ ಕೊಳಕು ನೀರು ಮೊಣಕಾಲಿಗೆ ಬಂತು. ಅವನು ನಿಲ್ಲಲಿಲ್ಲ. ಕೋಲಿನ ಮೇಲೆ ಬಗ್ಗಿದ. ದಂಡೆಯವರಿಗೆ ಬರೀ ಬೆನ್ನು ಕಾಣುತ್ತಿತ್ತು. ತಲೆ ಒಮ್ಮೆ ಜೋರಾಗಿ ಅಲುಗಿತು. ಮಿಂಚುಳ್ಳಿ ನೀಲಿ ಗೆರೆಯಾಗಿ ಹೊಳೆಯಾಚೆ ಹೋಯಿತು.

ತಿರುಗಿ ಬಂದವನನ್ನು ಎಲ್ಲರೂ ಸುತ್ತುವರಿದರು.

"ಹಾಳು ಮಾಡಿದೆಯಲ್ಲೋ. ಯಾಕೆ ಓಡಿಸಿದೆ ಅದನ್ನ?" ಎಂದಳು ಮೈತ್ರೇಯಿ.

ಹಕ್ಕಿಯ ಕಾಲನ್ನು ಕೋಲಿಗೆ ಬಿಗಿದಿದ್ದ, ತಾನು ಹಲ್ಲಿನಿಂದ ಕಡಿದು ತಂದ ಗಾಳದ ದಾರವನ್ನು ಮರಿಯಪ್ಪ ಸುದರ್ಶನ್‌ನ ಲೆನ್ಸಿಗೆ ನೇತುಹಾಕಿ ನಡೆದುಬಿಟ್ಟ.