ಆರು ಜನರ ಶೇಕಡಾ ಲೆಕ್ಕ

“ಮೊದಲ ಶೇಕಡಾ ಐದರಲ್ಲಿ ನಿನ್ನ ಮೊಣಕಾಲಿನ ತನಕ ಮಾತ್ರ ಹಿಡಿಸುತ್ತೆ ಕಣಮ್ಮ,” ಎಂದು ಗಣಿತದ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು. ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದ ಹುಡುಗಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಬಿ.ಎಸ್ಸಿ. ಮುಗಿಸಿ, ವಿದೇಶದಲ್ಲಿ ಗಣಿತದ ಎಂ.ಎಸ್ಸಿ. ಓದಲು ಅವಳು ಹಾಕಿದ್ದ ಅರ್ಜಿಗೆ ಇವತ್ತೇ ಕೊನೆಯ ದಿನ. ಉಳಿದದ್ದೆಲ್ಲ ಹೋಗಿಯಾಗಿತ್ತು. ಮೇಷ್ಟ್ರ ಶಿಫಾರಸು ಮಾತ್ರ ಬಾಕಿ, ಅದರಲ್ಲೂ ಒಂದೇ ಒಂದು ಪ್ರಶ್ನೆ ಲ್ಯಾಪ್‌ಟಾಪಿನಲ್ಲಿ ಪಟ್ಟುಹಿಡಿದು ಕೂತಿತ್ತು: ನೀವು ಕಂಡ ವಿದ್ಯಾರ್ಥಿಗಳಲ್ಲಿ ಈಕೆ ಎಲ್ಲಿ ನಿಲ್ಲುತ್ತಾಳೆ? ಮೊದಲ ಶೇಕಡಾ ಒಂದರಲ್ಲೋ, ಐದರಲ್ಲೋ, ಹತ್ತರಲ್ಲೋ, ಇಪ್ಪತ್ತೈದರಲ್ಲೋ? ಬೇರೆ ಯಾರಾದರೂ ಆಗಿದ್ದರೆ ಕಣ್ಣುಮುಚ್ಚಿ ಮೊದಲನೆಯದನ್ನು ಒತ್ತಿ ಕೈತೊಳೆದುಕೊಳ್ಳುತ್ತಿದ್ದರು. ಈ ಮೇಷ್ಟ್ರೋ, ಕಾಫಿ ಚೆನ್ನಾಗಿದೆಯಾ ಎಂದು ಹೆಂಡತಿ ಕೇಳಿದರೆ ‘ಯಾವುದಕ್ಕೆ ಹೋಲಿಸಿ?’ ಎನ್ನುವ ಆಸಾಮಿ.

“ಕ್ಲಾಸಲ್ಲಿ ಇರೋದೇ ಆರು ಜನ. ನೀನೇ ಮೊದಲು, ಎರಡು ಮಾತಿಲ್ಲ. ಆದ್ರೆ ಆರರಲ್ಲಿ ಒಬ್ಬಳು ಅಂದ್ರೆ ಶೇಕಡಾ ಹದಿನಾರು ದಾಟುತ್ತೆ. ಇಪ್ಪತ್ತೈದಕ್ಕೇ ಗುರುತು ಹಾಕ್ಬೇಕು.”

“ಸರ್, ಇಪ್ಪತ್ತೈದು ಅಂದ್ರೆ ಅವರು ನನ್ನ ಅರ್ಜಿ ಮೂಸಿ ಕೂಡ ನೋಡಲ್ಲ!”

“ಅದಕ್ಕೆ ನಾನು ಸುಳ್ಳು ಹೇಳ್ಲಾ?”

ಮೇಷ್ಟ್ರ ಹೆಂಡತಿ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. “ರೀ, ಆ ಮಗು ಭವಿಷ್ಯದ ಮೇಲೆ ಯಾಕ್ರೀ ನಿಮ್ಮ ಭಾಗಾಕಾರ?”

ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಪರದೆಯ ಮೇಲಿನ ಬಾಣ ಇಪ್ಪತ್ತೈದರತ್ತ ಇಳಿಯತೊಡಗಿತು.

“ಸರ್, ತಡೀರಿ! ಪ್ರಶ್ನೆ ಇನ್ನೊಂದ್ಸಲ ಓದಿ. ಈ ಕ್ಲಾಸಿನವರು ಅಂತ ಎಲ್ಲಿದೆ? ನೀವು ಕಂಡವರೆಲ್ಲಾ ಲೆಕ್ಕಕ್ಕೆ ಬರ್ತಾರೆ. ಗುಂಪು ಯಾವುದು ಅಂತ ನೋಡದೆ ಲೆಕ್ಕಕ್ಕೆ ಕೈ ಹಾಕಬಾರದು ಅಂತ ನೀವೇ ಬೈತಿದ್ರಲ್ಲ!”

ಮೇಷ್ಟ್ರ ಕೈ ನಿಂತಿತು. ಪ್ರಶ್ನೆ ಓದಿದರು. ತುಟಿ ಅಲ್ಲಾಡಿಸುತ್ತ ಮತ್ತೊಮ್ಮೆ ಓದಿದರು. ಮುಖ ಊರಗಲವಾಯಿತು. ತಪ್ಪು ಸಿಕ್ಕರೆ ಅವರಿಗೆ ಯಾವಾಗಲೂ ಖುಷಿ. ತಮ್ಮದೇ ಸಿಕ್ಕರಂತೂ ಹಬ್ಬ. “ಏ, ಕೇಳಿದ್ಯೇನೇ? ಹಿಡಿದು ಹಾಕಿದ್ಳು ನನ್ನ!” ಎಂದು ಕೂಗಿದರು. ಹೆಂಡತಿ ಪಕ್ಕದಲ್ಲೇ ನಿಂತಿದ್ದರು.

ಆಮೇಲೆ ಹೊರಟಿತು ನೋಡಿ ಮೆರವಣಿಗೆ. ಇಷ್ಟು ವರ್ಷದ ವಿದ್ಯಾರ್ಥಿಗಳನ್ನೆಲ್ಲ ಮೇಷ್ಟ್ರು ಕಣ್ಣೆದುರು ನಿಲ್ಲಿಸಿಕೊಂಡರು: ಕಣ್ಣು ತೆರೆದುಕೊಂಡೇ ನಿದ್ದೆ ಹೊಡೆಯುತ್ತಿದ್ದವನು, ಉತ್ತರ ಮೊದಲು ಬರೆದು ಆಮೇಲೆ ದಾರಿ ಹುಡುಕುತ್ತಿದ್ದವಳು, ಈಗ ವಿಮಾನ ಹಾರಿಸುತ್ತಿರುವವನು. ಮರೆತವರನ್ನು ಹೆಂಡತಿ ನೆನಪಿಸಿದರು. ಪ್ರತಿಯೊಬ್ಬರಿಗೂ ಮೇಷ್ಟ್ರು ಒಮ್ಮೆ ಹುಡುಗಿಯ ಕಡೆ ನೋಡುವುದು, ‘ಉಹೂಂ, ಇವಳಷ್ಟಿಲ್ಲ’ ಎನ್ನುವುದು, ಮುಂದಿನವರನ್ನು ಕರೆಯುವುದು. ಕಾಫಿ ಆರಿ ತಣ್ಣಗಾಯಿತು.

ಕೊನೆಗೆ ಬಾಣ ಮೇಲೇರಿತು. ಮೇಷ್ಟ್ರು ಶೇಕಡಾ ಒಂದಕ್ಕೆ ಗುರುತು ಹಾಕಿ, ಮೂವರಿಗೂ ಕೇಳುವಂತೆ ಗುಂಡಿ ಒತ್ತಿದರು. ಶಿಫಾರಸು ಹೋಯಿತು. ಹುಡುಗಿ ಕುಣಿಯುವುದೊಂದು ಬಾಕಿ. ಸಂತೋಷಕ್ಕೆ ಮೇಷ್ಟ್ರ ಹೆಂಡತಿಯನ್ನೇ ತಬ್ಬಿಕೊಂಡುಬಿಟ್ಟಳು.

ಅವಳ ಬೆನ್ನು ತಟ್ಟುತ್ತಲೇ ಅವರು ಗಂಡನನ್ನು ಕೆಣಕಿದರು. “ಕಾಲೇಜಲ್ಲಿ ನನ್ನಂಥ ಬುದ್ಧಿವಂತ ಇನ್ನೊಬ್ಬ ಇರ್ಲಿಲ್ಲ ಅಂತ ಮದುವೆ ಆದಾಗಿಂದ ಕೊಚ್ಕೊಳ್ತಾನೇ ಇದ್ದೀರಿ. ಆ ವಿದ್ಯಾರ್ಥೀನ ಲೆಕ್ಕಕ್ಕೆ ಸೇರಿಸಿದ್ರಾ?”

“ಸೇರಿಸದೆ ಇರ್ತೀನಾ?”

“ಮತ್ತೆ? ಎಲ್ಲಿ ನಿಂತ?”

ಮೇಷ್ಟ್ರು ಎದ್ದು, ತಮ್ಮ ಕುರ್ಚಿಯನ್ನು ಎಳೆದುಕೊಂಡು ಹೋಗಿ ಹುಡುಗಿಯ ಕುರ್ಚಿಯ ಹಿಂದೆ ಹಾಕಿ ಕೂತರು.

“ಬಾಮ್ಮ, ನಿನ್ನ ಜಾಗದಲ್ಲಿ ಕೂತ್ಕೋ. ಸ್ವಲ್ಪ ತಲೆ ಬಗ್ಗಿಸು, ಬೋರ್ಡು ಕಾಣ್ತಿಲ್ಲ.”